ನೀರು ಹಾಕಬಾರದ ಹೂದಾನಿ

ನಾನು ನಿಂತಿದ್ದದ್ದು ನಮ್ಮ ಸೊಸೈಟಿಯ ಕಮ್ಯುನಿಟಿ ಹಾಲಿನಲ್ಲಿ, ಎಡಗಡೆಯ ಎರಡನೆಯ ಕಂಬದ ಪಕ್ಕ. ಆರು ವರ್ಷದ ಹಿಂದೆ, ದೀಪಾವಳಿ ಕಳೆದ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಎದುರಿನ ಗೋಡೆಯ ಗಡಿಯಾರ ಐದು ನಿಮಿಷ ಮುಂದಿತ್ತು. ನಾನು ಹೇಳುತ್ತಿರುವುದು ನನ್ನ ಕೈಗಡಿಯಾರದ ವೇಳೆ. ಕಂಬದಿಂದ ಅವರು ಕೂತಿದ್ದ ಕುರ್ಚಿಗೆ ನಾಲ್ಕು ಹೆಜ್ಜೆ. ಇದು ಅಂದಾಜಲ್ಲ. ಹೋದ ವಾರ ಆ ಹಾಲ್ ಖಾಲಿಯಿದ್ದಾಗ ಹೋಗಿ, ಕುರ್ಚಿ ಅಲ್ಲೇ ಇಟ್ಟು, ಹೆಜ್ಜೆ ಹಾಕಿ ನೋಡಿಕೊಂಡು ಬಂದೆ. ಅವತ್ತು ಹೊರಗೆ ಹೊಗೆ ದಟ್ಟವಾಗಿದ್ದರಿಂದ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಚಳಿ ಶುರುವಾಗಿತ್ತು, ಫ್ಯಾನು ತಿರುಗುತ್ತಿರಲಿಲ್ಲ. ಆ ಹಾಲಿನಲ್ಲಿ ಯಾರು ಎಷ್ಟು ಮೆಲ್ಲಗೆ ಮಾತಾಡಿದರೂ ನನಗೆ ಕೇಳಿಸುತ್ತಿತ್ತು. ಕೇಳಿಸಿತು.

ಇಷ್ಟನ್ನು ಮೊದಲೇ ಬರೆದುಬಿಡಬೇಕು. ಯಾಕೆಂದರೆ ಅವತ್ತು ಎಲ್ಲಿ ನಿಂತಿದ್ದೆ ಎಂಬ ಪ್ರಶ್ನೆಯನ್ನೇ ಒಬ್ಬರು ನನ್ನನ್ನು ಬಾಯಿಬಿಟ್ಟು ಕೇಳಿದಾಗ ನಾನು ಬೇರೆ ಉತ್ತರ ಕೊಟ್ಟೆ.

ಆ ಕುರ್ಚಿಯಲ್ಲಿ ಕೂತಿದ್ದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾವು ಕಡೆದ ಒಂದು ಹೂದಾನಿಯ ಮೇಲೂ ಅವರು ತಮ್ಮ ಹೆಸರು ಹಾಕಿದವರಲ್ಲ. ಮಯೂರ್ ವಿಹಾರದ ನಮ್ಮ ಸೊಸೈಟಿಯ ಮಕ್ಕಳಿಗೆ ಅವರು ಲಕಡಿವಾಲೇ ಅಂಕಲ್, ಅಂದರೆ ಮರದ ಮಾವ, ದೊಡ್ಡವರಿಗೆ ಅಂಕಲ್‌ಜಿ, ನನಗೆ ಸರ್. ಹರಿಹರದ ಕಡೆಯವರು. ಇಪ್ಪತ್ತೆರಡನೆಯ ವಯಸ್ಸಿಗೆ ಫರೀದಾಬಾದಿನ ಒಂದು ಎರಕದ ಕಾರ್ಖಾನೆಗೆ ಬಂದು, ನಿವೃತ್ತರಾಗುವ ತನಕ ಅಲ್ಲೇ ಮರದ ಅಚ್ಚು ಮಾಡಿದರು. ಕಬ್ಬಿಣದಲ್ಲಿ ಏನು ಬೇಕೋ ಅದನ್ನು ಮೊದಲು ಮರದಲ್ಲಿ ಮಾಡಿ, ಮರಳಿನಲ್ಲಿ ಒತ್ತಿ, ಮರವನ್ನು ತೆಗೆದು, ಆ ಹಳ್ಳಕ್ಕೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. "ನಾನು ಮಾಡಿದ್ದು ಒಂದೂ ಯಾರ ಮನೆಗೂ ಹೋಗಲಿಲ್ಲ ಕಣಯ್ಯ. ಅದರ ಗುರುತಿನ ಕಬ್ಬಿಣ ಹೋಯ್ತು, ಅದು ಮೂಲೇಲಿ ಬಿತ್ತು," ಎನ್ನುತ್ತಿದ್ದರು. ನಿವೃತ್ತಿಯ ಮೇಲೆ ಹೂದಾನಿ ಮಾಡಲು ಹೊರಟಿದ್ದಕ್ಕೆ ಅವರು ಕೊಟ್ಟ ಕಾರಣ ಅದೊಂದೇ.

ಅವರ ಹತ್ತಿರ ಎರಡು ಅಡಿಕೋಲುಗಳಿದ್ದವು. ಒಂದು ಎಲ್ಲರ ಮನೆಯಲ್ಲೂ ಇರುವಂಥದು. ಇನ್ನೊಂದು ಕಾರ್ಖಾನೆಯದು, ಅದರ ಒಂದೊಂದು ಅಂಗುಲವೂ ನಿಜವಾದ ಅಂಗುಲಕ್ಕಿಂತ ಕೂದಲೆಳೆಯಷ್ಟು ಉದ್ದ. ಕಾದ ಕಬ್ಬಿಣ ತಣಿದಾಗ ಕುಗ್ಗುತ್ತದೆ, ಅದಕ್ಕೆ ಅಚ್ಚನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡಿರಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಿದ್ದರು. "ಈ ಕೋಲು ಸುಳ್ಳು ಹೇಳುತ್ತೆ. ಆದ್ರೆ ಎಷ್ಟು ಸುಳ್ಳು ಹೇಳ್ತೀನಿ ಅಂತ ತನ್ನ ಮೈಮೇಲೇ ಬರ್ಕೊಂಡಿದೆ ನೋಡು." ನಿಜವಾಗಿಯೂ ಅದರ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಕೊರೆದಿತ್ತು.

ಸೊಸೈಟಿಗೆ ಹೊಸ ಜನರೇಟರ್ ಬಂದ ಮೇಲೆ ಹಿಂದುಗಡೆಯ ಹಳೆಯ ಜನರೇಟರ್ ಕೋಣೆ ಖಾಲಿ ಬಿದ್ದಿತ್ತು. ಅವರು ಕಮಿಟಿಯಲ್ಲಿ ರಿಪೇರಿ ನೋಡಿಕೊಳ್ಳುವ ಸದಸ್ಯರು, ಸಂಬಳವಿಲ್ಲದ ಕೆಲಸ. ಮುರಿದ ಕುರ್ಚಿ, ಬಿಗಿದ ಬಾಗಿಲು, ಮಕ್ಕಳ ಜಾರುಬಂಡಿಯ ಏಣಿ ಎಲ್ಲ ಅವರ ಕೈಯಲ್ಲೇ ಸರಿಹೋಗುತ್ತಿದ್ದವು. ಅದಕ್ಕೆ ಬದಲಾಗಿ ಆ ಕೋಣೆಯ ಬೀಗದ ಕೈ ಅವರ ಜೇಬಿನಲ್ಲಿರುತ್ತಿತ್ತು. ಯಾರೋ ಎಸೆದ ವಾಷಿಂಗ್ ಮೆಷಿನ್ನಿನ ಮೋಟಾರಿನಿಂದ ತಾವೇ ಮರವನ್ನು ತಿರುಗಿಸಿ ಕಡೆಯುವ ಒಂದು ಲೇಥ್ ಕಟ್ಟಿಕೊಂಡಿದ್ದರು. ದಿನಾ ಬೆಳಿಗ್ಗೆ ಹತ್ತರಿಂದ ಒಂದರ ತನಕ, ಆಮೇಲೆ ಇಲ್ಲ. "ಊಟ ಆದ್ಮೇಲೆ ಕೈ ಭಾರ ಆಗುತ್ತೆ. ಮರಕ್ಕೆ ಗೊತ್ತಾಗಿಬಿಡುತ್ತೆ."

ಹೊಸ ಮರ ಅವರು ಮುಟ್ಟುತ್ತಿರಲಿಲ್ಲ. ನೋಯ್ಡಾದ ಕಾರ್ಖಾನೆಗಳಿಂದ ಬಂದ ಪ್ಯಾಕಿಂಗ್ ಹಲಗೆ, ಶಾಲೆಯ ಮುರಿದ ಬೆಂಚು, ಮಂಚದ ಕಾಲು, ಯಾರದೋ ತೊಟ್ಟಿಲು. ಮೊದಲು ಮೂಗಿಗೆ ಹಿಡಿದು ಮೂಸುವರು. "ಇದು ಶೀಶಮ್. ನಮ್ಮ ಬೀಟೆಯ ತಮ್ಮ." ಆಮೇಲೆ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಮರದ ಮೇಲೆ ಡಾಕ್ಟರು ಎದೆ ನೋಡುವ ಹಾಗೆ ಓಡಿಸುವರು, ಒಳಗೆ ಒಂದು ಮೊಳೆ ಉಳಿದಿದ್ದರೂ ಉಳಿ ಮುರಿಯುತ್ತದೆ. ಮೊಳೆ ಕಿತ್ತ ತೂತುಗಳನ್ನು ಮಾತ್ರ ಎಂದೂ ತುಂಬುತ್ತಿರಲಿಲ್ಲ. ಶೀಶಮ್ಮಿನಲ್ಲಿ ಆ ತೂತಿನ ಸುತ್ತ ಕಬ್ಬಿಣದ ಕರೆ ಕಪ್ಪಾಗಿ ಹರಡಿರುತ್ತದೆ. ಒಂದು ಸಲ ನಾನು, ಸ್ವಲ್ಪ ಪುಟ್ಟಿ ಹಾಕಿದರೆ ನುಣುಪಾಗುತ್ತಿತ್ತಲ್ಲ ಸರ್, ಎಂದೆ.

"ಅದರ ಬಾಯಿ ಅದು. ನೀನು ಯಾಕೆ ಮುಚ್ಚೋಕೆ ಹೋಗ್ತೀಯ?"

ಮುಗಿದ ಹೂದಾನಿಯನ್ನು ತಲೆಕೆಳಗು ಮಾಡಿ, ಅಡಿಯಲ್ಲಿ ಪೆನ್ಸಿಲಿನಿಂದ ಮೂರು ಸಂಗತಿ ಬರೆಯುತ್ತಿದ್ದರು: ಯಾವ ಮರ, ಮೊದಲು ಏನಾಗಿತ್ತು, ಯಾರು ಕೊಟ್ಟರು. 'ಶೀಶಮ್. ಶಾಲೆಯ ಬೆಂಚು. ರಾಮ್‌ಧನಿ ತಂದದ್ದು.' ಅಳಿಸಿಹೋಗದಿರಲೆಂದು ಮೇಲೆ ಮೇಣ ಒರೆಸುತ್ತಿದ್ದರು. ಎಲ್ಲ ಕನ್ನಡದಲ್ಲಿ.

"ಕನ್ನಡದಲ್ಲಿ ಬರೆದರೆ ಇಲ್ಲಿ ಯಾರು ಓದುತ್ತಾರೆ ಸರ್?" ಎಂದು ಕೇಳಿದ್ದೆ.

"ನೀನಿದ್ದೀಯಲ್ಲ," ಎಂದರು.

ಅವರ ಹೂದಾನಿಗಳಿಗೆ ನೀರು ಹಾಕುವಂತಿರಲಿಲ್ಲ. ಕೊಟ್ಟವರಿಗೆಲ್ಲ ಅದನ್ನು ಹೇಳಿಯೇ ಕೊಡುತ್ತಿದ್ದರು. ಇಲ್ಲಿಯವರು ಸೆಮಲ್ ಎನ್ನುವ ಬೂರುಗದ ಒಣಗಿದ ಕಾಯಿ, ಗೋಧಿಯ ತೆನೆ, ಅಮಲ್ತಾಸ್ ಎನ್ನುವ ಕಕ್ಕೆಯ ಉದ್ದನೆಯ ಕೋಡು ಇಂಥವನ್ನು ತಾವೇ ಆರಿಸಿ ತಂದು ಜೊತೆಗೆ ಕೊಡುವರು. "ಪೀತಾ ಹೈ ತೋ ಫಟತಾ ಹೈ," ಕುಡಿದರೆ ಒಡೆಯುತ್ತದೆ ಎಂದು ಲಿಫ್ಟಿನಲ್ಲಿ ಬಿ ಬ್ಲಾಕಿನ ಒಬ್ಬ ಹೆಂಗಸಿಗೆ ಹೇಳಿದಾಗ ಆಕೆ ಗಂಡನ ಕಡೆ ತಿರುಗಿ, "ಹಮಾರೇ ಸಾಹಬ್ ಭೀ," ನಮ್ಮ ಯಜಮಾನರೂ ಹಾಗೇ, ಎಂದಳು. ಇಡೀ ಲಿಫ್ಟು ನಕ್ಕಿತು. ಇವರು ಮಾತ್ರ ಗಂಭೀರವಾಗಿ, "ತೋ ಉನಕೋ ಭೀ ಮತ್ ಡಾಲಿಯೇ," ಹಾಗಾದರೆ ಅವರಿಗೂ ಹಾಕಬೇಡಿ, ಎಂದರು.

ಅವರ ಹಿಂದಿಯ ವಿಷಯ ಹೇಳಬೇಕು. ಐವತ್ತು ವರ್ಷ ಇಲ್ಲಿದ್ದರೂ ಅವರ ಹಿಂದಿಯಲ್ಲಿ ಲಿಂಗ ಸೇರಲಿಲ್ಲ. ಎಲ್ಲವೂ ಗಂಡು: ಬಸ್ಸೂ ಬರುತ್ತಾನೆ, ರೊಟ್ಟಿಯೂ ಬೇಯುತ್ತಾನೆ. "ಮೇರಾ ಬೀವಿ ಆತಾ ಹೈ", ನನ್ನ ಹೆಂಡತಿ ಬರುತ್ತಾನೆ, ಎಂದು ಅವರು ಹೇಳಿದಾಗಲೆಲ್ಲ ಅವರ ಹೆಂಡತಿ ಶಾರದಮ್ಮ ಬಾಗಿಲಿಂದಲೇ, "ಇಷ್ಟು ವರ್ಷ ಸಂಸಾರ ಮಾಡಿದೀನಿ, ಇವರ ಹಿಂದೀಲಿ ನಾನಿನ್ನೂ ಗಂಡಸೇ," ಎನ್ನುವರು.

ನನ್ನ ಕೆಲಸ ಭಾಷಾಂತರ. ಒಂದು ಸರ್ಕಾರಿ ಕಚೇರಿಯಲ್ಲಿ ಹಿಂದಿ, ಕನ್ನಡ, ಇಂಗ್ಲಿಷ್ ಮಧ್ಯೆ ಕಾಗದಗಳನ್ನು ಅತ್ತಿಂದಿತ್ತ ಮಾಡುವುದು. ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. "ಏನಪ್ಪಾ ಭಾಷಾಂತರ, ಇವತ್ತು ಯಾರ ಮಾತು ತಿರುವಿದೆ?" ಉಳಿಯನ್ನು ಎತ್ತಿ ತೋರಿಸಿ, "ನಾನೂ ತಿರುವೋನು, ನೀನೂ ತಿರುವೋನು. ನನ್ನದು ತಿರುವಿದ್ರೆ ದುಂಡಗಾದ್ರೂ ಆಗುತ್ತೆ."

ಒಂದು ವರ್ಷ ಕನ್ನಡ ಸಂಘದ ಸಂಚಿಕೆಗೆ ನಾನೊಂದು ತಮಾಷೆಯ ಬರಹ ಕೊಟ್ಟಿದ್ದೆ: ಕನ್ನಡ, ಹಿಂದಿ ಎರಡರಲ್ಲೂ ಇದ್ದು ಅರ್ಥ ಮಾತ್ರ ಬೇರೆಯಾದ ಪದಗಳು. ಅವಸರ ಅಂದರೆ ನಮಗೆ ಆತುರ, ಹಿಂದಿಯವರಿಗೆ ಅವಕಾಶ. ಉಪನ್ಯಾಸ ನಮಗೆ ಭಾಷಣ, ಅವರಿಗೆ ಕಾದಂಬರಿ. ಶಿಕ್ಷೆ ನಮಗೆ ದಂಡನೆ, ಅವರಿಗೆ ವಿದ್ಯೆ. ಸರ್ ಅದನ್ನು ಶಾರದಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. "ಬಂದ ಹೊಸದರಲ್ಲಿ ಶಿಕ್ಷಾ ನಿದೇಶಾಲಯ ಅನ್ನೋ ಬೋರ್ಡು ನೋಡಿ ಜೈಲು ಅಂದ್ಕೊಂಡು ರಸ್ತೆ ದಾಟಿದ್ದೆ ಮಾರಾಯ!" ಆ ಪಟ್ಟಿಯಲ್ಲಿ ಹತ್ತು ಪದಗಳಿದ್ದವು. ನಾನು ಬರೆದದ್ದು ಹನ್ನೊಂದು. ಜಾಗ ಸಾಲದೆ ಬಿಟ್ಟ ಪದ ರಾಜೀನಾಮೆ. ನಮಗೆ ಅದು ಕೆಲಸ ಬಿಡುವ ಪತ್ರ. ಈ ಕಡೆಯ ಕೋರ್ಟು ಕಚೇರಿಗಳಲ್ಲಿ ಅದಕ್ಕೆ ಅರ್ಥ ಎರಡು ಪಕ್ಷದವರೂ ರಾಜಿಯಾದೆವೆಂದು ಬರೆದುಕೊಡುವ ಕಾಗದ. ಕೆಲಸ ಬಿಡುವುದಕ್ಕೆ ಇವರು ಇಸ್ತೀಫಾ ಅನ್ನುತ್ತಾರೆ.

ಇನ್ನು ಚೌಕಟ್ಟಿನ ಸಂಗತಿ.

ನಾವು ಬಾಡಿಗೆಗಿದ್ದ ಫ್ಲಾಟು ಖನ್ನಾ ಎಂಬುವರದು. ಅವರು ಗುರುಗ್ರಾಮದಲ್ಲಿದ್ದರು. ಮೇಲಿನ ಮಹಡಿಯ ಇನ್ನೊಂದು ಫ್ಲಾಟು ಅವರ ತಾಯಿಯದಾಗಿತ್ತು; ಆಕೆ ತೀರಿಕೊಂಡ ಮೇಲೆ ಅದನ್ನು ಒಡೆದು ಹೊಸದು ಮಾಡಿಸುತ್ತಿದ್ದರು. ಬೀಗದ ಕೈ ನನ್ನ ಬಳಿ ಇತ್ತು. ಆಗಸ್ಟಿನ ಒಂದು ಸಂಜೆ ನಾನು ಮೆಟ್ರೋದಲ್ಲಿದ್ದಾಗ ಅವರ ಫೋನು ಬಂತು. ರೈಲು ಯಮುನೆ ದಾಟುತ್ತಿತ್ತು. ಅವರು ಹೇಳಿದ್ದು, ಆಮೇಲೆ ಗೊತ್ತಾದ ಪ್ರಕಾರ, "ಚೌಖಟ್ ಛೋಡ್ ಕೇ ಸಬ್ ಹಟವಾ ದೇನಾ." ಚೌಕಟ್ಟು ಬಿಟ್ಟು ಉಳಿದದ್ದೆಲ್ಲ ತೆಗೆಸಿಬಿಡಿ. ನನಗೆ ಕೇಳಿಸಿದ್ದು ಚೌಖಟ್, ಮತ್ತು ಹಟವಾ ದೇನಾ. ನಡುವಿನ ಮೂರು ಪದ ರೈಲಿನ ಸದ್ದಿನಲ್ಲಿ ಹೋದವು. ಇನ್ನೊಂದು ಸಲ ಹೇಳಿ ಎನ್ನಬಹುದಿತ್ತು. ಭಾಷಾಂತರದವನಿಗೆ ಹಾಗೆ ಕೇಳುವುದು ಸಣ್ಣತನವೆನಿಸಿತು. ಜೀ ಹಾಂ ಎಂದೆ.

ಮಾರನೆಯ ದಿನ ನಾನೂ ಗೇಟಿನ ಕಾವಲಿನ ರಾಮ್‌ಧನಿಯೂ ಆ ಚೌಕಟ್ಟನ್ನು ಎರಡು ತುದಿ ಹಿಡಿದು ಕೆಳಗಿಳಿಸಿದೆವು. ಹಿಂದಿನ ಕೋಣೆಗೆ ಒಯ್ದು, "ಸರ್, ಎಸೆಯೋ ಸಾಮಾನು. ನಿಮಗೆ ತಂದೆ," ಎಂದೆ. ಅವರು ಉಳಿ ಕೆಳಗಿಟ್ಟು, ಮರವನ್ನು ಅಂಗೈಯಿಂದ ಸವರಿದರು. ಹಳೆಯ ಶೀಶಮ್. ಚಿಲಕದ ಸರಪಳಿ ಬಡಿದೂ ಬಡಿದೂ ಒಂದು ಕಡೆ ಅರ್ಧಚಂದ್ರದ ಹಾಗೆ ಸವೆದಿತ್ತು, ಅದರ ಪಕ್ಕ ಬೆರಳು ಹೋಗುವಷ್ಟು ದೊಡ್ಡ ತೂತು.

"ಯಾರಿಗೂ ಬೇಡ ಅಂದ್ರಾ ಇದು? ಸರಿಯಾಗಿ ಕೇಳಿದ್ಯಾ?"

"ಕೇಳಿದೆ ಸರ್."

ದೀಪಾವಳಿಗೆ ಸೊಸೈಟಿಯ ಲಾನಿನಲ್ಲಿ ಮೇಳ ಇರುತ್ತದೆ. ಅವರು ಒಂದು ಮೇಜಿನ ಮೇಲೆ ಏಳು ಹೂದಾನಿ ಇಟ್ಟಿದ್ದರು. ಮಾರುವುದಕ್ಕಲ್ಲ, ನೋಡುವುದಕ್ಕೆ. ನಡುವಿನದು ಆ ಚೌಕಟ್ಟಿನ ಕಂಬದಿಂದ ಕಡೆದದ್ದು. ಒಂದು ಗೇಣು ಎತ್ತರ, ಕತ್ತು ಕಿರಿದು, ಹೊಟ್ಟೆಯ ಮೇಲೆ ಆ ಅರ್ಧಚಂದ್ರ ಮತ್ತು ಒಳತನಕ ಹೋಗದ ಆ ತೂತು. ಚೌಕ ಮರವನ್ನು ದುಂಡಗೆ ಮಾಡಿದರೆ ಮೂಲೆ ಹೋಗುತ್ತದೆ, ಮುಖದ ನಡುಭಾಗ ಉಳಿಯುತ್ತದೆ. ಆ ಗುರುತು ಉಳಿಯಲೆಂದೇ ಅವರು ನಡುವನ್ನು ಲೆಕ್ಕ ಹಾಕಿ ಹಿಡಿದಿದ್ದರು. ಹಬ್ಬಕ್ಕೆ ಸಿಹಿ ಹಂಚಲು ಬಂದ ಖನ್ನಾ ಆ ಮೇಜಿನ ಮುಂದೆ ನಿಂತರು. ಹೂದಾನಿಯನ್ನು ಎತ್ತಿಕೊಂಡು, ಕಿರುಬೆರಳನ್ನು ಆ ತೂತಿನಲ್ಲಿ ಇಟ್ಟರು. ಅದು ಅವರ ತಾಯಿ ಮದುವೆಯಾಗಿ ಬಂದ ಹಳೆಯ ಮನೆಯ ಬಾಗಿಲ ಚೌಕಟ್ಟು. ಮನೆ ಮಾರಿದಾಗ ಆಕೆ ಅದೊಂದನ್ನು ಬಿಡಿಸಿ ಜೊತೆಗೆ ತಂದಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು.

ಆ ಸಂಜೆಯೇ ಖನ್ನಾ ನಮ್ಮ ಮನೆಗೆ ಬಂದರು. "ಚೌಖಟ್ ನೀಚೆ ಕೈಸೇ ಗಯೀ?" ಹೇಗೆ ಕೆಳಗೆ ಹೋಯಿತು ಎಂದು ಕೇಳಿದರು. ಒಳಗಿನ ಕೋಣೆಯಲ್ಲಿ ನನ್ನ ಮಗಳು ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು. ಆ ವರ್ಷ ಮನೆ ಬಿಡಬೇಕಾಗಿ ಬಂದರೆ ಎಂಬ ಯೋಚನೆ ನನಗೆ ಬಂತು. ಖನ್ನಾ ಮನೆ ಬಿಡಿ ಅಂದಿರಲಿಲ್ಲ. ಅನ್ನುವ ಜಾತಿಯವರೂ ಅಲ್ಲ. ಆದರೂ ನಾನು, ಕೂಲಿಯವರು ಎಲ್ಲವನ್ನೂ ಕೆಳಗಿಟ್ಟಿದ್ದರು, ಅಲ್ಲಿಂದ ಯಾರೋ ತೆಗೆದುಕೊಂಡಿರಬೇಕು ಎಂದೆ. ಯಾರೋ ಎಂಬ ಪದ ನನ್ನದೇ. ಕಳ್ಳತನ ಎಂಬ ಪದ ಅದರಿಂದ ಹುಟ್ಟಿತು.

ಹಬ್ಬ ಕಳೆದ ಎರಡನೆಯ ಭಾನುವಾರ ಆ ಸಭೆ.

ಅಧ್ಯಕ್ಷರು ತ್ಯಾಗಿಜಿ, ಕೋರ್ಟಿನಲ್ಲಿ ವಕೀಲರಾಗಿದ್ದವರು, ಒಳ್ಳೆಯವರು. ಮೇಜಿನ ಮೇಲೆ ಹೂದಾನಿ. ಮೇಜಿನ ಈಚೆ ಕುರ್ಚಿಯಲ್ಲಿ ಅವರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಖನ್ನಾ ನಿಂತೇ ಇದ್ದರು. ರಾಮ್‌ಧನಿ ನೀರಿನ ಕ್ಯಾನಿನ ಪಕ್ಕ. ಶಾರದಮ್ಮ ಕೊನೆಯ ಸಾಲಿನಲ್ಲಿ, ಬಾಗಿಲ ಬಳಿಯ ಕುರ್ಚಿಯಲ್ಲಿ. ಇನ್ನು ಹನ್ನೆರಡು ಹದಿಮೂರು ಜನ ಬಂದು ಹೋಗುತ್ತಿದ್ದರು. ಅವರು ಯಾರು ಯಾರು ಎಂದು ಖಚಿತವಾಗಿ ಹೇಳಲಾರೆ, ಹಾಗಾಗಿ ಹೇಳುವುದಿಲ್ಲ.

ತ್ಯಾಗಿಜಿ, ಅಂಕಲ್‌ಜಿ ಚೌಕಟ್ಟಿನ ಬದಲು ಹೂದಾನಿಯನ್ನೇ ಖನ್ನಾ ಅವರಿಗೆ ಕೊಟ್ಟುಬಿಡಲಿ ಎಂದರು. ಖನ್ನಾ ಒಪ್ಪಲಿಲ್ಲ. "ಮುಝೇ ಮಾಂ ಕೀ ಚೌಖಟ್ ಚಾಹಿಯೇ. ಗಮಲಾ ನಹೀಂ." ನನಗೆ ಅಮ್ಮನ ಚೌಕಟ್ಟು ಬೇಕು, ಹೂಕುಂಡವಲ್ಲ.

ಸರ್ ತಲೆಯೆತ್ತಿ, "ಗಮಲಾ ನಹೀಂ ಹೈ. ಗಮಲೇ ಮೇ ಪಾನಿ ಡಾಲತಾ ಹೈ," ಎಂದರು. ಕುಂಡವಲ್ಲ, ಕುಂಡಕ್ಕೆ ನೀರು ಹಾಕುತ್ತಾರೆ. ಹಿಂದೆ ಯಾರೋ ನಕ್ಕರು. ಅವರು ತಮಾಷೆ ಮಾಡಿರಲಿಲ್ಲ.

ತ್ಯಾಗಿಜಿ ಹೂದಾನಿಯನ್ನು ಎತ್ತಿ ತಿರುಗಿಸಿ ನೋಡಿದರು. ಅಡಿಯಲ್ಲಿ ಬರಹ ಕಂಡಿತು. "ಯೇ ಕ್ಯಾ ಲಿಖಾ ಹೈ?" ಎಂದು ಸುತ್ತ ನೋಡಿ, ಕಂಬದ ಬಳಿ ನಿಂತಿದ್ದ ನನ್ನನ್ನು ಕಂಡು, "ಆಪ್ ಪಢಿಯೇ. ಆಪ್ ಕೀ ಭಾಷಾ ಹೈ," ನೀವು ಓದಿ, ನಿಮ್ಮ ಭಾಷೆ, ಎಂದರು.

ನಾಲ್ಕು ಹೆಜ್ಜೆ ಹೋಗಿ ನೋಡಿದೆ. ಅವರ ಅಕ್ಷರ ದುಂಡಗೆ, ಸ್ಪಷ್ಟವಾಗಿ ಇರುತ್ತಿತ್ತು. ಬರೆದದ್ದು ಇಷ್ಟು:

'ಶೀಶಮ್. ಮೂರನೇ ಮಹಡಿ ಚೌಕಟ್ಟು. ಭಾಷಾಂತರ ಕೊಟ್ಟದ್ದು.'

ನಾನು ಹಿಂದಿಯಲ್ಲಿ ಹೇಳಿದೆ: ಶೀಶಮ್, ಮೂರನೆಯ ಮಹಡಿಯ ಚೌಕಟ್ಟು. ಅಲ್ಲಿಗೆ ನಿಲ್ಲಿಸಿದೆ.

"ಬಸ್?" ಎಂದರು ತ್ಯಾಗಿಜಿ. ಇಷ್ಟೇನಾ.

"ಬಸ್," ಎಂದೆ.

ಹಿಂದಕ್ಕೆ ನಾಲ್ಕು ಹೆಜ್ಜೆ ಬಂದು ಕಂಬದ ಪಕ್ಕ ನಿಂತೆ. ಸರ್ ನನ್ನನ್ನು ನೋಡಿದರು. ಕೋಪದಿಂದಲ್ಲ. ಕೆಲಸದಲ್ಲಿ ಒಂದು ಹಲಗೆ ಸೀಳಿದಾಗ, ಎಲ್ಲಿಂದ ಎಲ್ಲಿಯ ತನಕ ಸೀಳಿದೆ ಎಂದು ನೋಡುತ್ತಿದ್ದರಲ್ಲ, ಹಾಗೆ. ತ್ಯಾಗಿಜಿ ಅವರ ಕಡೆ ತಿರುಗಿ, ನಿಮಗೆ ಇದನ್ನು ಯಾರು ಕೊಟ್ಟರು ಎಂದು ಕೇಳಿದರು. ಅವರು ಉತ್ತರ ಕೊಡುವ ಮೊದಲು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಇತ್ತು. ಆ ಹೊತ್ತನ್ನು ಅವರು ನನಗೆ ಬಿಟ್ಟಿದ್ದರು. ರಾಮ್‌ಧನಿ ಕೂಡ ನನ್ನ ಕಡೆ ನೋಡುತ್ತಿದ್ದ.

"ಕಿಸೀ ನೇ ನಹೀಂ," ಎಂದರು ಅವರು. "ಮೈ ಖುದ್ ಉಠಾಯಾ."

ಯಾರೂ ಕೊಡಲಿಲ್ಲ, ನಾನೇ ಎತ್ತಿಕೊಂಡೆ. ಉಠಾನಾ ಎಂದರೆ ಹಿಂದಿಯಲ್ಲಿ ಎತ್ತುವುದೂ ಹೌದು, ಎಗರಿಸುವುದೂ ಹೌದು. ಕೇಳಿದವರು ತಮಗೆ ಬೇಕಾದ ಅರ್ಥ ಹಿಡಿದರು. ಖನ್ನಾ ಕುರ್ಚಿ ಎಳೆದುಕೊಂಡು ಕೂತು ಮುಖ ಒರೆಸಿಕೊಂಡರು.

ತ್ಯಾಗಿಜಿ ಬೇಗ ಮುಗಿಸಲು ನೋಡಿದರು. "ದೇಖಿಯೇ, ಪುಲಿಸ್ ವುಲಿಸ್ ಕುಛ್ ನಹೀಂ. ಅಂಕಲ್‌ಜಿ ಏಕ್ ರಾಜೀನಾಮಾ ಲಿಖ್ ದೇಂ, ಬಾತ್ ಖತಮ್." ಪೊಲೀಸು ಗಿಲೀಸು ಏನೂ ಬೇಡ, ಒಂದು ರಾಜೀನಾಮಾ ಬರೆದುಕೊಡಲಿ, ಅಲ್ಲಿಗೆ ಮುಗಿಯಿತು.

ಸರ್ ಆ ಪದವನ್ನು ಮೆಲ್ಲಗೆ ಕನ್ನಡದಲ್ಲಿ ಹೇಳಿಕೊಂಡರು. "ರಾಜೀನಾಮೆ." ಆಮೇಲೆ ಹಿಂದಿಯಲ್ಲಿ, ಇವತ್ತೇನಾ ಎಂದು ಕೇಳಿದರು. ನಿಮಗೆ ಅನುಕೂಲವಾದಾಗ ಎಂದರು ತ್ಯಾಗಿಜಿ. ಅಚ್ಛಾ ಎಂದು ಎದ್ದು, ಅಂಗಿಯ ಜೇಬಿನಿಂದ ಹಿಂದಿನ ಕೋಣೆಯ ಬೀಗದ ಕೈ ತೆಗೆದು ಹೂದಾನಿಯ ಪಕ್ಕ ಇಟ್ಟರು. ಕಬ್ಬಿಣದ ಕೈ, ಗಾಜಿನ ಮೇಜು; ಸದ್ದು ಎಲ್ಲರಿಗೂ ಕೇಳಿಸಿತು. "ಅರೇ, ಚಾಬಿ ಕ್ಯೋಂ?" ಬೀಗದ ಕೈ ಯಾಕೆ, ಎಂದರು ತ್ಯಾಗಿಜಿ. ಅಷ್ಟರಲ್ಲಿ ಅವರು ಶಾರದಮ್ಮನ ಕುರ್ಚಿಯ ತನಕ ಹೋಗಿದ್ದರು. ಗಂಡ ಹೆಂಡತಿ ಹೊರಟುಹೋದರು.

ಆ ಹಾಲಿನಲ್ಲಿ ಆ ಪದದ ಎರಡೂ ಅರ್ಥ ಗೊತ್ತಿದ್ದವನು ಒಬ್ಬನೇ. ಅವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಸರ್, ಅದು ರಾಜಿ ಪತ್ರ, ನಿಮ್ಮನ್ನು ಯಾರೂ ಬಿಡಿ ಅನ್ನುತ್ತಿಲ್ಲ: ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಆದರೆ ರಾಜಿ ಪತ್ರ ಬರೆಯಲು ಕೂತರೆ ನಡೆದದ್ದನ್ನು ಬರೆಯಬೇಕು. ನಡೆದದ್ದರಲ್ಲಿ ನಾನಿದ್ದೆ.

ಮಂಗಳವಾರ ಲಿಫ್ಟಿನಲ್ಲಿ ತ್ಯಾಗಿಜಿ ನನ್ನ ತೋಳು ಹಿಡಿದು, ನಾನು ರಾಜೀನಾಮಾ ಕೇಳಿದರೆ ಅಂಕಲ್‌ಜಿ ಇಸ್ತೀಫಾ ಕಳಿಸಿದ್ದಾರೆ, ಎಷ್ಟೊಂದು ಮುನಿಸು ನೋಡಿ, ನೀವು ಸ್ವಲ್ಪ ತಿಳಿಸಿ ಹೇಳಿ ಎಂದರು. "ಆಪ್ ಕೇ ಆದಮೀ ಹೈಂ." ನಿಮ್ಮ ಕಡೆಯವರಲ್ಲವೇ. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಬುಧವಾರ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾ, ಆ ಲೇಥು ಸೈಕಲ್ ರಿಕ್ಷಾದ ಹಲಗೆಯ ಮೇಲೆ ಗೇಟು ದಾಟುವುದನ್ನು ನೋಡಿದೆ. ಅವರು ಹಿಂದಿನಿಂದ ಒಂದು ಕೈ ಆನಿಸಿಕೊಂಡು ಹೋಗುತ್ತಿದ್ದರು, ಬೀಳದಿರಲೆಂದು.

ಆಮೇಲೆ ಅವರು ಬೆಳಿಗ್ಗೆ ಹತ್ತರಿಂದ ಒಂದರ ತನಕ ಕೆಳಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಕೈಗಳನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು. ಮಕ್ಕಳು ಮುರಿದ ಬ್ಯಾಟು ತಂದರೆ, "ಅಬ್ ನಹೀಂ ಬೇಟಾ," ಇನ್ನು ಇಲ್ಲ ಮಗು, ಎನ್ನುವರು. ಒಂದು ಸಲ ಲಿಫ್ಟಿನಲ್ಲಿ ನಾವಿಬ್ಬರೇ ಸಿಕ್ಕೆವು. ಅವರೇ ಮಾತಾಡಿಸಿದರು. "ಆಫೀಸಿಗೆ ಹೊರಟಿರಾ?"

ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಹೌದು ಎಂದೆ. ಎರಡು ಮಹಡಿ ಇಳಿಯುವ ತನಕ ಇಬ್ಬರೂ ಅಂಕಿಗಳನ್ನು ನೋಡುತ್ತಿದ್ದೆವು.

ಎರಡು ವರ್ಷದ ನಂತರ ಅವರು ಮಗಳ ಮನೆಗೆ, ಜನಕಪುರಿಗೆ ಹೋದರು. ನಮ್ಮ ಸ್ಟೇಶನ್ನಿನಿಂದ ಜನಕಪುರಿಗೆ ಒಂದೇ ಲೈನು, ರೈಲು ಬದಲಿಸುವ ಹಾಗೂ ಇಲ್ಲ. ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಈ ವರ್ಷ, ಅವರು ತೀರಿಕೊಂಡ ಹದಿಮೂರನೆಯ ದಿನ.

ಶಾರದಮ್ಮ ನನ್ನನ್ನು ಒಳಗಿನ ಕೋಣೆಗೆ ಕರೆದು ಕೂರಿಸಿದರು. ಕಪಾಟಿನ ಮೇಲೆ ಆ ಉದ್ದದ ಅಡಿಕೋಲು ಇತ್ತು.

"ನೀವು ಭಾಷಾಂತರದೋರು. ಒಂದು ಮಾತಿನ ಅರ್ಥ ಕೇಳ್ಬೇಕಿತ್ತು," ಎಂದರು. "ಹೋದ ವರ್ಷ ಕೆಳಗಿನ ಮನೆಯೋರಿಗೂ ಎದುರುಗಡೆಯೋರಿಗೂ ಗಾಡಿ ನಿಲ್ಲಿಸೋ ಜಾಗಕ್ಕೆ ಜಗಳ ಆಗಿತ್ತು. ಒಂದಿನ ಆಕೆ ಲಡ್ಡು ತಂದು, ಬಹನ್‌ಜೀ, ರಾಜೀನಾಮಾ ಹೋ ಗಯಾ ಅಂದ್ಲು. ಇವರು ಲಡ್ಡು ಕೈಲಿ ಹಿಡ್ಕೊಂಡು ಹಾಗೇ ಕೂತ್ಬಿಟ್ರು. ಎಷ್ಟೋ ಹೊತ್ತಾದ್ಮೇಲೆ, ಇದನ್ನ ಭಾಷಾಂತರನ್ನ ಕೇಳ್ಬೇಕು ಅಂದ್ರು. ಅಷ್ಟೇ. ಅವರು ಕೇಳ್ಲಿಲ್ಲ. ನಾನು ಕೇಳ್ತಿದೀನಿ."

ಅರ್ಥ ಹೇಳಿದೆ. ಶಾರದಮ್ಮ ಸೆರಗಿನ ತುದಿಯನ್ನು ಮಡಿಸಿದರು, ಬಿಡಿಸಿದರು.

"ಅಂದ್ರೆ ಇವರು ಆ ಕೋಣೆ ಬಿಡಬೇಕಾಗಿರಲಿಲ್ಲ."

"ಇರಲಿಲ್ಲ."

"ಅವತ್ತು ನೀವು ಎಲ್ಲಿ ನಿಂತಿದ್ರಿ?"

"ಹಿಂದೆ," ಎಂದೆ. "ಬಾಗಿಲ ಹತ್ತಿರ. ಸರಿಯಾಗಿ ಕೇಳಿಸಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಬಾಗಿಲ ಹತ್ತಿರ ನಾನಿದ್ದೆ," ಎಂದರು. ಆಮೇಲೆ ಎದ್ದು, "ಊಟಕ್ಕೆ ಎಲೆ ಹಾಕಿದಾರೆ, ಏಳಿ," ಎಂದರು. ನಾನು ಊಟ ಮಾಡಿದೆ. ಎರಡನೆಯ ಸಲ ಪಾಯಸ ಬಡಿಸಿದಾಗ ಬೇಡ ಎನ್ನಲಿಲ್ಲ.

ಹೂದಾನಿಯನ್ನು ಅವತ್ತು ಖನ್ನಾ ಒಯ್ಯಲಿಲ್ಲ. ರಾಮ್‌ಧನಿ ಅದನ್ನು ಗೇಟಿನ ಮೇಜಿನ ಮೇಲೆ ಇಟ್ಟುಕೊಂಡ. ಈಗಲೂ ಅಲ್ಲೇ ಇದೆ, ಬಂದವರು ಹೆಸರು ಬರೆಯುವ ಪೆನ್ನುಗಳನ್ನು ಅದರಲ್ಲಿ ನಿಲ್ಲಿಸುತ್ತಾನೆ. ಒಂದು ಜನವರಿಯಲ್ಲಿ ಬಾವುಟ ಹಾರಿಸುವ ದಿನ ಯಾರೋ ಅದಕ್ಕೆ ನೀರು ತುಂಬಿ ರಜನಿಗಂಧ ಇಟ್ಟರು. ಸಂಜೆಯೊಳಗೆ ಕತ್ತಿನಿಂದ ಹೊಟ್ಟೆಯ ತನಕ ಸೀಳಿತು, ಸರಿಯಾಗಿ ಆ ತೂತಿನವರೆಗೆ. ಜನಕಪುರಿಯಿಂದ ಬಂದ ದಿನ ನಾನು ಪೆನ್ನುಗಳನ್ನು ತೆಗೆದು ಅದನ್ನು ತಲೆಕೆಳಗು ಮಾಡಿ ನೋಡಿದೆ. ಮೇಣದ ಕೆಳಗೆ ಮೂರೂ ಸಂಗತಿ ಹಾಗೇ ಇವೆ. ರಾಮ್‌ಧನಿ ಹೇಳಿದ: "ಸಾಹಬ್, ಆಪ್ ಬೋಲತೇ ತೋ ಮೈ ಭೀ ಬೋಲತಾ." ನೀವು ಹೇಳಿದ್ದರೆ ನಾನೂ ಹೇಳುತ್ತಿದ್ದೆ.

ನೋಡಿದವರಲ್ಲಿ ಈಗ ಇರುವವರನ್ನು ಹೇಳಿ ಮುಗಿಸುತ್ತೇನೆ. ತ್ಯಾಗಿಜಿ ಇದ್ದಾರೆ, ಗಾಜಿಯಾಬಾದಿನಲ್ಲಿ ಮಗನ ಜೊತೆ. ಕಿವಿ ಮಂದವಾಗಿದೆ, ನೆನಪು ಚೆನ್ನಾಗಿದೆ. ಹೋದ ಶನಿವಾರ ಹೋಗಿ ಎದುರು ಕೂತು ಗಟ್ಟಿಯಾಗಿ ಎಲ್ಲ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಖನ್ನಾ ಇದ್ದಾರೆ, ಗುರುಗ್ರಾಮದಲ್ಲಿ. ನಾವಿನ್ನೂ ಅವರ ಮನೆಯಲ್ಲೇ ಇದ್ದೇವೆ. ಅವರಿಗೆ ಹಿಂದಿಯಲ್ಲಿ ಬರೆದು ಫೋನಿಗೆ ಕಳಿಸಿದ್ದೇನೆ. ಓದಿದ್ದಾರೆಂದು ಎರಡು ನೀಲಿ ಗೀಟು ಬಿದ್ದಿವೆ, ಉತ್ತರ ಬಂದಿಲ್ಲ. ರಾಮ್‌ಧನಿ ಇದ್ದಾನೆ, ಎರಡನೆಯ ಗೇಟಿನಲ್ಲಿ, ಆ ಹೂದಾನಿಯ ಮುಂದೆ.

ಶಾರದಮ್ಮ ಇದ್ದಾರೆ. ಇವರಲ್ಲಿ ಕನ್ನಡ ಓದಲು ಬರುವುದು ಅವರೊಬ್ಬರಿಗೇ.